ಕಾರ್ಡಿಗನ್ ಕಿಸೆಯ ಚಾಕು

ಆ ಚಾಕುವಿನಿಂದ ಕೊಯ್ದ ಸೇಬನ್ನು ನಾನು ಹೆಚ್ಚುಕಡಿಮೆ ಒಂದು ತಿಂಗಳು ತಿಂದಿದ್ದೇನೆ. ಈಗಲೂ ನೆನೆದರೆ ಬಾಯಲ್ಲಿ ಹುಳಿನೀರು ಬರುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ಕುವೈತ್‌ನಲ್ಲಿ ಏಳು ವರ್ಷ, ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಎರಡು ವರ್ಷ ಕಳೆದು, ಗಂಡನ ಕೆಲಸದ ಬೆನ್ನು ಹಿಡಿದು ನಾವು ಅಡಿಲೇಡ್‌ನ ಬ್ಲೇರ್ ಅಥಾಲ್‌ಗೆ ಬಂದಿದ್ದೆವು. ಮಂಗಳೂರಿನಲ್ಲಿ ನಾನು ಕಲಿತ ನರ್ಸಿಂಗನ್ನು ಇಲ್ಲಿ ಇನ್ನೂ ಒಪ್ಪಿಕೊಂಡಿರಲಿಲ್ಲ. ಕಾಗದಪತ್ರ ಆಗುವವರೆಗೆ ಸುಮ್ಮನೆ ಕೂರುವುದು ಬೇಡವೆಂದು ಪ್ರಾಸ್ಪೆಕ್ಟ್ ಕಡೆಯ ಒಂದು ವೃದ್ಧರ ಮನೆಯಲ್ಲಿ ಸಹಾಯಕಿಯಾಗಿ ಸೇರಿದೆ. ಮುದುಕರಿಗೆ ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ತಿನ್ನಿಸುವುದು ನನ್ನ ಕೆಲಸ. ಬೆಳಿಗ್ಗೆ ಏಳಕ್ಕೆ ಪಾಳಿ ಶುರು. ಸೇರಿದ್ದು ಜೂನ್ ತಿಂಗಳಲ್ಲಿ, ಅಲ್ಲಿ ಆಗ ಚಳಿಗಾಲ. ಪರ್ತ್‌ನ ಚಳಿಯನ್ನೇ ಚಳಿ ಅಂದುಕೊಂಡಿದ್ದ ನನಗೆ ಅಡಿಲೇಡ್‌ನ ಬೆಳಗು ಬೆರಳ ಗೆಣ್ಣುಗಳನ್ನು ಕಚ್ಚುತ್ತಿತ್ತು. ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿ ಉಪ್ಪು ಚೆಲ್ಲಿದ ಹಾಗೆ ಕಾಣುತ್ತಿತ್ತು. ಒಳಗೆ ಬಂದರೆ ಹೀಟರ್‌ನ ಒಣ ಬಿಸಿ. ಆ ಬಿಸಿಯಲ್ಲಿ ಮೂತ್ರ, ಪೌಡರ್, ಹಿಂದಿನ ದಿನದ ಗ್ರೇವಿ ಎಲ್ಲದರ ವಾಸನೆ ಒಟ್ಟಿಗೆ ಬೇಯುತ್ತಿತ್ತು.

ಚಳಿಗಾಲ ಬಂದರೆ ಅಲ್ಲಿನ ಗಂಡಸರಿಗೆ ಕಿಸೆಗಳು ಹೆಚ್ಚಾಗುತ್ತವೆ. ಕೋಟು, ಅದರೊಳಗೆ ಜಾಕೆಟ್ಟು, ಅದರೊಳಗೆ ಸ್ವೆಟರು. ಯಾವುದೋ ಒಂದು ಕಿಸೆಯಲ್ಲಿ ಮಡಚುವ ಚಾಕು ಇದ್ದೇ ಇರುತ್ತಿತ್ತು, ಕೆಲವು ಅಜ್ಜನ ಕಾಲದವು. ನಮ್ಮ ಪಕ್ಕದ ಮನೆಯವನು ಕಾರಿನ ಗಾಜಿನ ಮೇಲಿನ ಮಂಜನ್ನು ಚಾಕುವಿನ ಬೆನ್ನಿನಿಂದ ಕೆರೆಯುತ್ತಿದ್ದ. ವೃದ್ಧರ ಮನೆಯ ತೋಟದವನು ಕುರಿಗೊಬ್ಬರದ ಚೀಲವನ್ನು ಯಾವ ಚಾಕುವಿನಿಂದ ಸೀಳುತ್ತಿದ್ದನೋ, ಹತ್ತು ಗಂಟೆಗೆ ಅದನ್ನೇ ತೊಡೆಗೆ ಒರೆಸಿ ಸ್ಯಾಂಡ್‌ವಿಚ್ ಎರಡು ಮಾಡುತ್ತಿದ್ದ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಮೀನಿನ ಕತ್ತಿ ಬೇರೆ, ತರಕಾರಿಯದು ಬೇರೆ. ಮೀನಿನ ಕತ್ತಿಯಿಂದ ಯಾರಾದರೂ ಮಾವಿನಕಾಯಿ ಕೊಯ್ದರೆ ಅಮ್ಮ ಕಾಯಿಯನ್ನೇ ಎಸೆದುಬಿಡುತ್ತಿದ್ದಳು. ಇವರ ಚಾಕುಗಳನ್ನು ನೋಡಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು.

ಕಾರಿಡಾರಿನ ಕೊನೆಯ ಕೋಣೆಯಲ್ಲಿ ಎಂಬತ್ತನಾಲ್ಕು ವರ್ಷದ ಒಬ್ಬ ಅಜ್ಜ ಇದ್ದರು. ಉತ್ತರದ ಒಣ ಸೀಮೆಯಲ್ಲಿ ಬದುಕಿಡೀ ಕುರಿ ಸಾಕಿದವರು. ಬಯಲಿನಲ್ಲಿ ಮಲಗಿದಾಗಲೂ ಆಗದ ಚಳಿ ಹೀಟರ್ ಇರುವ ಕೋಣೆಯಲ್ಲಿ ಆಗುತ್ತದೆ ಎಂದು ಬೈಯುತ್ತಾ ಇಡೀ ದಿನ ಕಂದು ಬಣ್ಣದ ಕಾರ್ಡಿಗನ್ ಹಾಕಿಕೊಂಡಿರುತ್ತಿದ್ದರು. ಅದರ ಬಲಗಿಸೆ ಚಾಕುವಿನ ಭಾರಕ್ಕೆ ಜೋತುಬಿದ್ದಿತ್ತು. ಕೊಂಬಿನ ಹಿಡಿ, ಮೂರು ಅಲಗು. ಉದ್ದದ ಅಲಗು ಪೈಪಿನ ತಂಬಾಕು ಕತ್ತರಿಸಲು, ಕಾಗದದ ಲಕೋಟೆ ಬಿಡಿಸಲು. ನಡುವಿನದು ಉಗುರಿಗೆ, ಕಾಲಿನ ಆಣಿಗೆ, ನಾನು ನೋಡಿಲ್ಲವೆಂದುಕೊಂಡಾಗ ಕಿವಿಗೆ. ಮೊಂಡು ತುದಿಯ ಗಿಡ್ಡ ಅಲಗು ಹಣ್ಣಿಗೆ ಮಾತ್ರ. ಹೀಗೆ ಒಂದು ಕ್ರಮವಾದರೂ ಇದೆಯಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಸ್ನಾನ ಮುಗಿಸಿ, ಬಟ್ಟೆ ಹಾಕಿ, ಕುರ್ಚಿಯಲ್ಲಿ ಕೂರಿಸಿದ ಮೇಲೆ ದಿನವೂ ಸೇಬು ಹೆಚ್ಚಿ, ಒಂದು ಹೋಳನ್ನು ಅಲಗಿನ ಮೇಲೆಯೇ ಇಟ್ಟು ನನ್ನ ಕಡೆ ಚಾಚುತ್ತಿದ್ದರು.

“ತಗೋ ಲವ್. ನೀನೂ ಏನೂ ತಿಂದಿರಲ್ಲ.”

ಅಲ್ಲಿ ಲವ್ ಅನ್ನುವುದು ನಮ್ಮಲ್ಲಿ ಮಗಾ ಅನ್ನುವ ಹಾಗೆ. ಹಾಗೆ ಕರೆದು ಕೊಟ್ಟದ್ದನ್ನು ಬೇಡ ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಕಣ್ಣು ಮುಚ್ಚಿ ನುಂಗುತ್ತಿದ್ದೆ.

ಜುಲೈಯಲ್ಲಿ ಒಂದು ಬೆಳಿಗ್ಗೆ ಮಾತಿಗೆ ಕೇಳಿದೆ, “ಈ ಅಲಗಿನ ತುದಿ ಯಾಕೆ ಮೊಂಡು?”

“ಮರಿಗೆ ಚುಚ್ಚಬಾರದಲ್ಲ, ಅದಕ್ಕೆ. ಗಂಡು ಕುರಿಮರಿಗಳ ಬೀಜ ತೆಗೆಯೋ ಅಲಗು ಇದು. ಐವತ್ತು ವರ್ಷ ಇದರಲ್ಲೇ ಮಾಡಿದೀನಿ. ಚೀಲದ ತುದಿ ಹೀಗೆ ಕತ್ತರಿಸೋದು, ಆಮೇಲೆ ಎಳೆಯೋದು.”

“ಕೈಯಲ್ಲಾ?”

“ಕೈಯಲ್ಲಿ ಜಾರುತ್ತೆ. ಹಲ್ಲಲ್ಲಿ.”

ಹಲ್ಲಿನ ಸೆಟ್ಟು ಮಂಚದ ಪಕ್ಕದ ಲೋಟದಲ್ಲಿತ್ತು. ಬರೀ ವಸಡು ತೋರಿಸಿ ಅವರು ನಕ್ಕರು. ನನ್ನ ಬಾಯಲ್ಲಿ ಸೇಬು ಇತ್ತು. ನಾನು ಬೆಡ್‌ಪ್ಯಾನ್ ತೊಳೆಯುವ ಕೋಣೆಗೆ ಓಡಿಹೋಗಿ ಕರುಳು ಬಾಯಿಗೆ ಬರುವ ಹಾಗೆ ವಾಂತಿ ಮಾಡಿದೆ.

ಮನೆಯಲ್ಲಿ ಹೇಳಿದರೆ ಗಂಡ ಬಿದ್ದು ಬಿದ್ದು ನಕ್ಕ. “ಎಂತ ಮಾರಾಯ್ತಿ, ಊರಲ್ಲಿ ಹಂದಿ ಕೊಯ್ಯುವಾಗ ರಕ್ತಕ್ಕೆ ಪಾತ್ರೆ ಹಿಡ್ಕೊಂಡು ನಿಲ್ತಿದ್ದವಳು ನೀನೇ ಅಲ್ವಾ?”

“ಆ ಕತ್ತಿಯಲ್ಲಿ ಯಾರೂ ಸೇಬು ಕೊಯ್ದು ನನ್ನ ಬಾಯಿಗೆ ಹಾಕಲಿಲ್ಲ,” ಎಂದೆ.

ಅಂದಿನಿಂದ ಅವರು ಕೊಟ್ಟ ಹೋಳನ್ನು ಏಪ್ರನ್ನಿನ ಕಿಸೆಗೆ ಹಾಕಿಕೊಂಡು ಹೊರಗೆ ಎಸೆಯುತ್ತಿದ್ದೆ. ಆ ಚಾಕುವನ್ನು ಕಂಡರಾಗುತ್ತಿರಲಿಲ್ಲ. ಕಾರ್ಡಿಗನ್ ಮಡಚಿಡುವಾಗ ಕಿಸೆ ಕೈಗೆ ತಾಗದಂತೆ ಎರಡು ಬೆರಳಲ್ಲಿ ಎತ್ತುತ್ತಿದ್ದೆ.

ಅದೇ ತಿಂಗಳ ಕೊನೆಗೆ ಅವರು ಕಾಲಿನ ಆಣಿಯನ್ನು ಚಾಕುವಿನಿಂದ ಕೊರೆದುಕೊಂಡು ಗಾಯ ಮಾಡಿಕೊಂಡರು. ಚಳಿಗೆ ಮೊದಲೇ ನೀಲಿಗಟ್ಟಿದ್ದ ಬೆರಳು. ಎರಡೇ ದಿನದಲ್ಲಿ ಕೀವಾಗಿ ಕಾಲುಚೀಲಕ್ಕೆ ಅಂಟಿಕೊಂಡಿತು. ನಾನು ಬಿಸಿನೀರಲ್ಲಿ ನೆನೆಸಿ ಚೀಲ ಬಿಡಿಸಿದಾಗ ಎದ್ದ ನಾತಕ್ಕೆ ಮೂಗು ತಿರುಗಿಸಬೇಕಾಯಿತು. ಬ್ರಿಸ್ಬೇನ್‌ನಲ್ಲಿದ್ದ ಅವರ ಮಗಳಿಗೆ ಫೋನ್ ಹೋಯಿತು. ಚಾಕು ಕಿತ್ತುಕೊಳ್ಳಿ ಎಂದು ಅವಳು ಹೇಳಿದಳಂತೆ.

ನಮ್ಮ ಮೇಲ್ವಿಚಾರಕಿ ನನ್ನನ್ನು ಕರೆದಳು. “ಕೇಳಿದ್ರೆ ರಂಪ ಮಾಡ್ತಾನೆ. ಸ್ನಾನಕ್ಕೆ ಕರ್ಕೊಂಡು ಹೋದಾಗ ತೆಗೆದುಬಿಡು. ಹೇಳೋದೇನೂ ಬೇಡ.”

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು.

ಮರುದಿನ ಅವರು ಬರಿಮೈಯಲ್ಲಿ, ನನಗೆ ಬೆನ್ನು ಹಾಕಿ, ಗೋಡೆಯ ಸರಳು ಹಿಡಿದು ಷವರ್ ಕೆಳಗೆ ನಿಂತಿದ್ದರು. ನಾನು ಗ್ಲೌಸ್ ಹಾಕಿದ ಕೈಯಿಂದ, ಬಿಚ್ಚಿಟ್ಟಿದ್ದ ಕಾರ್ಡಿಗನ್ ಕಿಸೆಯೊಳಗೆ ತಡಕಾಡಿದೆ. ಚಾಕು ಅಂಟಂಟಾಗಿತ್ತು. ಕೀಲಿನ ಸಂದಿಯಲ್ಲಿ ತಂಬಾಕಿನ ಪುಡಿ, ಉಣ್ಣೆಯ ನಾರು, ಉಗುರಿನ ಚೂರು. ಗ್ಲೌಸನ್ನು ಅದರ ಮೇಲೆಯೇ ತಿರುಗಿಸಿ ಗಂಟು ಹಾಕಿದೆ. ಮೇಲ್ವಿಚಾರಕಿ ಅದನ್ನು ತನ್ನ ಡ್ರಾಯರಿಗೆ ಎಸೆದು ಕೀಲಿ ಹಾಕಿದಳು.

ಅವರು ಹುಡುಕಿದರು. ಹಾಸಿಗೆ ಎತ್ತಿಸಿದರು, ಕುರ್ಚಿಯ ಸಂದಿಗೆ ಕೈ ತೂರಿಸಿದರು. ಮಾತಾಡುತ್ತಾ ಕೈ ತಾನಾಗಿ ಕಿಸೆಗೆ ಹೋಗುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು. ನಾನೂ ಮೊಣಕಾಲೂರಿ ಮಂಚದಡಿ ಹುಡುಕಿದ ಹಾಗೆ ನಟಿಸಿದೆ. ಮೂರನೆಯ ದಿನ ಅವರು ತೀರ್ಮಾನಕ್ಕೆ ಬಂದರು.

“ಆ ಚೀನಾದವಳು ಕದ್ದಿದಾಳೆ. ನೆಲ ಒರೆಸೋಕೆ ಬರ್ತಾಳಲ್ಲ, ಅವಳು.”

ಅವಳು ಚೀನಾದವಳಲ್ಲ, ವಿಯೆಟ್ನಾಮಿನವಳು. ಐವತ್ತರ ಹತ್ತಿರದ, ಮಾತು ಕಡಿಮೆಯ ಹೆಂಗಸು. ಅವಳು ಬಾಗಿಲಲ್ಲಿ ಕಂಡರೆ ಸಾಕು, ಅಜ್ಜ ಕಳ್ಳಿ ಕಳ್ಳಿ ಎಂದು ಕೂಗುತ್ತಿದ್ದರು. ಬೇರೆ ಕೋಣೆಯವರೂ ಅವಳು ಬಂದರೆ ಪರ್ಸು ಮುಚ್ಚಿಡತೊಡಗಿದರು. ಮೇಲ್ವಿಚಾರಕಿ ಅವಳನ್ನು ಹಿಂದಿನ ಶೆಡ್ಡಿನ ಲಾಂಡ್ರಿಗೆ ಹಾಕಿದಳು. ಅಲ್ಲಿ ಹೀಟರ್ ಇರಲಿಲ್ಲ, ಒದ್ದೆ ಸಿಮೆಂಟು ನೆಲ. ಮಲ ಮೂತ್ರದ ಹೊದಿಕೆಗಳನ್ನು ಯಂತ್ರಕ್ಕೆ ಹಾಕುವ ಮೊದಲು ತಣ್ಣೀರಲ್ಲಿ ಜಾಲಿಸಬೇಕು.

ನಾನು ಮೇಲ್ವಿಚಾರಕಿಗೆ ಡ್ರಾಯರಿನ ಕಡೆ ಕಣ್ಣಲ್ಲೇ ತೋರಿಸಿ, “ಅವರಿಗೆ ಹೇಳಿಬಿಡೋಣವಾ?” ಎಂದು ಕೇಳಿದೆ.

“ಹೇಳಿದ್ರೆ ಮಗಳಿಗೆ ಫೋನ್ ಮಾಡಿ ಗಲಾಟೆ ಮಾಡ್ತಾನೆ. ಮುದುಕ, ಮರೀತಾನೆ ಬಿಡು. ಅವಳಿಗೇನು ಕೆಲಸ ಹೋಗಿಲ್ಲವಲ್ಲ.”

ಹನ್ನೊಂದು ದಿನ ನಾನು ಬಾಯಿ ಬಿಡಲಿಲ್ಲ. ಹನ್ನೊಂದನೆಯ ದಿನ ಟೀ ಕುಡಿಯುವ ಕೋಣೆಗೆ ಅವಳು ಬಂದು ನನ್ನ ಎದುರು ನಿಂತಳು. ಕೈಗಳು ಕೆಂಪಗೆ ಬಿರುಕು ಬಿಟ್ಟಿದ್ದವು, ಒಂದು ಬಿರುಕಿನಲ್ಲಿ ರಕ್ತ ಜಿನುಗುತ್ತಿತ್ತು.

“ನೀನು ಅವನಿಗೆ ಸ್ನಾನ ಮಾಡಿಸ್ತೀಯ. ನಿನ್ನ ಮಾತು ಕೇಳ್ತಾನೆ. ಹೇಳು. ನಾನು ತೆಗೆದಿಲ್ಲ,” ಎಂದಳು.

“ಹೇಳ್ತೀನಿ,” ಎಂದೆ.

ಅವಳು ಥ್ಯಾಂಕ್ಯೂ ಎಂದು ತಲೆ ಬಾಗಿಸಿ ಹೋದಳು. ನನ್ನ ಟೀ ಅಷ್ಟರಲ್ಲಿ ಕೆನೆ ಕಟ್ಟಿತ್ತು. ಕೀವು ನೋಡಿದಾಗ, ಮಲ ಬಳಿದಾಗ, ಕುರಿಯ ಕತೆ ಕೇಳಿದಾಗ ಹೇಸಿಗೆಯಾದದ್ದು ನಿಜ. ಅದೆಲ್ಲ ಸಾಬೂನು ಹಾಕಿ ಕೈ ತೊಳೆದರೆ ಹೋಗುತ್ತಿತ್ತು. ಅವಳು ನನಗೆ ಥ್ಯಾಂಕ್ಯೂ ಹೇಳಿ ಹೋದಾಗ ನನ್ನ ಮೇಲೇ ಆದ ಹೇಸಿಗೆ ಹಾಗೆ ಹೋಗಲಿಲ್ಲ. ರಾತ್ರಿ ಅನ್ನ ಕಲಸಿದ ಕೈಯನ್ನು ಬಾಯಿಗೆ ತರಲಾಗದೆ ಚಮಚ ತೆಗೆದುಕೊಂಡೆ.

ಮರುದಿನ ಸ್ನಾನಕ್ಕೆ ಮೊದಲು, ಅವರು ಇನ್ನೂ ಬಟ್ಟೆಯಲ್ಲಿರುವಾಗಲೇ ಹೇಳಿದೆ. “ಚಾಕು ತೆಗೆದದ್ದು ನಾನು. ಆಫೀಸಿನಲ್ಲಿದೆ. ಆ ಹೆಂಗಸಿಗೆ ಇದು ಗೊತ್ತೇ ಇಲ್ಲ.”

ಅವರ ಕೈ ಖಾಲಿ ಕಿಸೆಗೆ ಹೋಯಿತು. “ನೀನಾ?” ಎಂದರು. ಆಮೇಲೆ, “ಕೇಳಿದ್ರೆ ಕೊಡ್ತಿದ್ದೆ.”

“ಕೊಡ್ತಿರಲಿಲ್ಲ.”

ಯೋಚಿಸಿ ಹೇಳಿದರು, “ಇಲ್ಲ. ಕೊಡ್ತಿರಲಿಲ್ಲ. ಆದ್ರೂ ನನ್ನ ಬಟ್ಟೆ ಬಿಚ್ಚಿ ನಿಲ್ಲಿಸಿ ತೆಗೆದ್ಯಲ್ಲ.”

ಆ ಹೆಂಗಸಿನ ಹತ್ತಿರ ಒಂದು ಮಾತು ಹೇಳಿ ಎಂದು ಬೇಡಿಕೊಂಡೆ. “ತೆಗೆದಿಲ್ಲ ಅಂದ್ರೆ ತೆಗೆದಿಲ್ಲ, ಆಯ್ತಲ್ಲ,” ಎಂದು ಮುಖ ತಿರುಗಿಸಿದರು. ಅವರು ಅವಳ ಕ್ಷಮೆ ಕೇಳಲಿಲ್ಲ. ಅಂದಿನಿಂದ ತಮಗೆ ಸ್ನಾನ ಮಾಡಿಸಲು ಬೇರೆಯವರು ಬರಲಿ ಎಂದು ಮಾತ್ರ ಹೇಳಿಕಳುಹಿಸಿದರು. ಮೇಲ್ವಿಚಾರಕಿ ನನಗೆ ಬೈದಳು. ಆದರೆ ಲಾಂಡ್ರಿಯಿಂದ ಅವಳನ್ನು ವಾಪಸು ಕರೆಸಲೇಬೇಕಾಯಿತು.

ಅದಕ್ಕೆ ಮೊದಲೇ ಲಾಂಡ್ರಿಗೆ ಹೋಗಿ, ಚಾಕು ತೆಗೆದದ್ದು ನಾನೆಂದು ಅವಳಿಗೂ ನಾನೇ ಹೇಳಿದೆ. ಅವಳು ಕೈಯಲ್ಲಿದ್ದ ಹೊದಿಕೆಯನ್ನು ಹಿಂಡಿ ಬಕೆಟ್ಟಿಗೆ ಹಾಕಿದಳು.

“ನನ್ನನ್ನು ಕಳ್ಳಿ ಅಂತಾರೆ. ಎಷ್ಟು ದಿನದಿಂದ ನಿನಗೆ ಗೊತ್ತಿತ್ತು?”

“ಮೊದಲ ದಿನದಿಂದ.”

ಅವಳು ಇನ್ನೊಂದು ಹೊದಿಕೆ ಎತ್ತಿಕೊಂಡಳು. ಅಷ್ಟೆ.

ಆಗಸ್ಟ್‌ನಲ್ಲಿ ಮಗಳು ಬ್ರಿಸ್ಬೇನ್‌ನಿಂದ ಬಂದಳು. ಅಲ್ಲಿನ ಚಳಿಗೆ ಸಾಕಾಗುವ ತೆಳು ಜಾಕೆಟ್ಟಿನಲ್ಲಿ ನಡುಗುತ್ತಾ, ಡ್ರಾಯರಿನಿಂದ ತೆಗೆಸಿದ ಚಾಕುವನ್ನು ಟಿಶ್ಯೂನಲ್ಲಿ ಹಿಡಿದು ಸಿಂಕಿಗೆ ತಂದು ಬಿಸಿನೀರು, ಡೆಟಾಲ್ ಹಾಕಿ ಉಜ್ಜಿದಳು. “ಚಿಕ್ಕವಳಿದ್ದಾಗ ಅಪ್ಪ ಇದರಲ್ಲೇ ಹಣ್ಣು ಕೊಯ್ದು ಕೊಡ್ತಿದ್ದ. ನೀವು ಮಾಡಿದ್ದು ಒಳ್ಳೇದೇ ಆಯ್ತು,” ಎಂದು ನನಗೊಂದು ಚಾಕೊಲೇಟ್ ಡಬ್ಬಿ ಕೊಟ್ಟಳು. ಆಗಿನ್ನೂ ವಿಮಾನದಲ್ಲಿ ಸಣ್ಣ ಚಾಕುಗಳಿಗೆ ತಕರಾರಿರಲಿಲ್ಲ. ಕೈಚೀಲದಲ್ಲಿಟ್ಟುಕೊಂಡು ಹೋದಳು. ಡಬ್ಬಿಯನ್ನು ನಾನು ಟೀ ಕೋಣೆಯಲ್ಲಿ ಬಿಟ್ಟೆ. ಸಂಜೆಯೊಳಗೆ ಯಾರೋ ಖಾಲಿ ಮಾಡಿದ್ದರು.

ನಾನು ಅಲ್ಲಿ ಇನ್ನೂ ಏಳು ತಿಂಗಳು ದುಡಿದೆ. ಆ ಹೆಂಗಸೂ ನಾನೂ ಕೆಲಸ ಮುಗಿಸಿ ಒಂದೇ ಬಸ್ ಹತ್ತುತ್ತಿದ್ದೆವು. ಅವಳು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು. ನಾನು ಅವಳನ್ನು ದಾಟಿ ಹಿಂದೆ ಹೋಗುವಾಗ ಅವಳು ಕಿಟಕಿಯಿಂದಾಚೆ ನೋಡುತ್ತಿದ್ದಳು. ನನ್ನ ಸ್ಟಾಪು ಮೊದಲು ಬರುತ್ತಿತ್ತು, ಹಿಂದಿನ ಬಾಗಿಲಿನಿಂದ ಇಳಿದುಬಿಡುತ್ತಿದ್ದೆ.