ಜ್ಯೂರಿಕ್‌ನ ಸಂಬಳಕ್ಕೆ ಸಹಿ ಬೀಳದ ಕಾರಣ

೨೦೧೪ರ ವಸಂತದಲ್ಲಿ ನಾನು ಅಮೆರಿಕದ ಕರ್ಕ್‌ಲ್ಯಾಂಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಗ್ಲೋಬಲ್ ಮೊಬಿಲಿಟಿ ಮ್ಯಾನೇಜರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಸರಳ. ಕಂಪನಿ ತನ್ನ ನೌಕರರನ್ನು ಬೇರೆ ದೇಶದ ಆಫೀಸಿಗೆ ಕಳಿಸುವಾಗ, ಅಲ್ಲಿ ಎಷ್ಟು ಸಂಬಳ ಕೊಟ್ಟರೆ ಅವರು ಇಲ್ಲಿಯ ಹಾಗೆಯೇ ಬದುಕಬಹುದು ಎಂದು ಲೆಕ್ಕ ಹಾಕಿ ಆಫರ್ ಪತ್ರ ತಯಾರಿಸುವುದು. ಹೊರಗಿನ ಒಂದು ಸಂಸ್ಥೆ ಊರೂರಿನ ಬಾಡಿಗೆ, ಹಾಲು, ಬ್ರೆಡ್ಡು, ಬಸ್ ಪಾಸು, ಹಲ್ಲಿನ ಡಾಕ್ಟರ ಫೀಸು ಎಲ್ಲವನ್ನೂ ವಿಚಾರಿಸಿ, ಕೋಷ್ಟಕ ಮಾಡಿ ನಮಗೆ ಮಾರುತ್ತಿತ್ತು. ಮನೆಯಲ್ಲಿ ಎಷ್ಟು ಜನ ಎಂದು ನೋಡಿಕೊಂಡು, ಆ ಕೋಷ್ಟಕದ ಪ್ರಕಾರ ಮೂಲ ಸಂಬಳದ ಮೇಲೆ ಜೀವನವೆಚ್ಚ ಭತ್ಯೆ ಸೇರಿಸುತ್ತಿದ್ದೆವು. ಹದಿನಾಲ್ಕು ವರ್ಷ ಇದನ್ನೇ ಮಾಡಿದ್ದ ನನಗೆ ಇದರಲ್ಲಿ ಎತ್ತಿದ ಕೈ ಎಂಬ ಹೆಸರಿತ್ತು. ಆ ಹೆಸರನ್ನು ಸ್ವಲ್ಪ ಮಟ್ಟಿಗೆ ನಾನೇ ಹಬ್ಬಿಸಿದ್ದೆ ಎಂದರೂ ತಪ್ಪಿಲ್ಲ.

ಆ ವರ್ಷ ಕಂಪನಿಯ ಒಂದು ಟೀಮನ್ನು ಪೂರ್ತಿಯಾಗಿ ಜ್ಯೂರಿಕ್‌ಗೆ ಸ್ಥಳಾಂತರಿಸುವ ತೀರ್ಮಾನವಾಯಿತು. ಹನ್ನೊಂದು ಜನ. ಮೇ ತಿಂಗಳ ಕೊನೆಯೊಳಗೆ ಸಹಿ ಹಾಕಿದವರಿಗೆ ಅಲ್ಲಿ ಕೆಲಸ ಇತ್ತು. ಹಾಕದವರಿಗೆ ಇಲ್ಲಿಯೂ ಇರಲಿಲ್ಲ, ಏಕೆಂದರೆ ಇಲ್ಲಿಯ ಹುದ್ದೆಗಳೇ ರದ್ದಾಗಿದ್ದವು. ವೀಸಾ ಮೇಲಿದ್ದವರು ಕೆಲಸದ ಜೊತೆಗೆ ಅಮೆರಿಕವನ್ನೂ ಬಿಡಬೇಕಾಗುತ್ತಿತ್ತು. ಹತ್ತು ಜನ ಎರಡು ವಾರದೊಳಗೆ ಸಹಿ ಹಾಕಿ ಕೊಟ್ಟರು. ಉಳಿದವನು ಒಬ್ಬನೇ, ಅದೂ ನಮ್ಮ ಮೈಸೂರಿನವನು.

ಅವನನ್ನು ಸುಧೀಂದ್ರ ಎಂದು ಕರೆಯುತ್ತೇನೆ. ಮೂವತ್ತೇಳು ವರ್ಷ, ವೀಸಾ ಮೇಲಿದ್ದವನು. ಹೆಂಡತಿ ವೀಣಾ ಮತ್ತು ಆರು ವರ್ಷದ ಮಗಳೊಂದಿಗೆ ಪಕ್ಕದ ಊರು ರೆಡ್ಮಂಡಿನಲ್ಲಿ ಮನೆ ಮಾಡಿಕೊಂಡಿದ್ದ. ಮೊದಲ ಭೇಟಿಗೆ ನನ್ನ ಕೋಣೆಗೆ ಬಂದು ಇಂಗ್ಲಿಷ್‌ನಲ್ಲಿ ಶುರು ಮಾಡಿದ. ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. ಅಲ್ಲಿಂದ ಮುಂದೆ ನಮ್ಮವರು ಇಬ್ಬರು ಸೇರಿದರೆ ಆಗುವುದೇ ಆಯಿತು. ಯಾವ ಬಡಾವಣೆ, ಯಾವ ಸ್ಕೂಲು, ಯಾರ ಪೈಕಿ. ಅವನದು ಕುವೆಂಪುನಗರ, ನನ್ನದು ಸರಸ್ವತಿಪುರಂ. ಅವನ ಸೋದರತ್ತೆಯ ಮನೆಯ ಎದುರಿಗೇ ನನ್ನ ಚಿಕ್ಕಪ್ಪನ ಮಗಳ ಮನೆ. ವೀಣಾ ಇಲ್ಲಿಯ ಕನ್ನಡ ಸಂಘದಲ್ಲಿ ಹಾಡುವ ಗುಂಪಿನಲ್ಲಿದ್ದಳು, ಆ ಗುಂಪನ್ನು ನಡೆಸುವವಳು ನನ್ನ ಗೆಳತಿ. ಅರ್ಧ ಗಂಟೆ ಹೀಗೇ ಹೋಯಿತು. ನನಗಂತೂ ಬಹಳ ಸಂತೋಷವಾಗಿತ್ತು. ಅವನು ಮಾತ್ರ ಬರಬರುತ್ತಾ ಚುಟುಕಾಗಿ ಉತ್ತರ ಕೊಡತೊಡಗಿದ್ದ. ಸಂಕೋಚದ ಸ್ವಭಾವ ಇರಬೇಕು ಎಂದುಕೊಂಡೆ.

ಆಫರ್ ಚೆನ್ನಾಗಿಯೇ ಇತ್ತು. ಜ್ಯೂರಿಕ್ ಯುರೋಪಿನ ದುಬಾರಿ ಊರುಗಳಲ್ಲಿ ಒಂದು. ಅಲ್ಲಿ ಆರೋಗ್ಯ ವಿಮೆಯನ್ನು ಪ್ರತಿಯೊಬ್ಬರೂ ತಾವೇ ಕೊಳ್ಳಬೇಕು, ಕಸ ಹಾಕುವ ಚೀಲಕ್ಕೂ ದುಡ್ಡು ತೆರಬೇಕು. ಇವನ್ನೆಲ್ಲ ಲೆಕ್ಕಕ್ಕೆ ಹಿಡಿದು, ಬಾಡಿಗೆಯಲ್ಲಿ ಒಂದು ಪಾಲನ್ನು ಕಂಪನಿಯೇ ಕೊಡುವಂತೆ ಮಾಡಿದ್ದೆ. ಎಲ್ಲಾ ಕಳೆದ ಮೇಲೂ ಇಲ್ಲಿ ಉಳಿಯುವುದಕ್ಕಿಂತ ತಿಂಗಳಿಗೆ ಒಂಬೈನೂರು ಡಾಲರ್ ಹೆಚ್ಚೇ ಅವನ ಕೈಯಲ್ಲಿ ಉಳಿಯುತ್ತಿತ್ತು. ಕಾಗದವನ್ನು ಅವನ ಮುಂದೆ ತಿರುಗಿಸಿ ತೋರಿಸಿದೆ. "ಯೋಚನೆ ಮಾಡ್ತೀನಿ ಮೇಡಂ" ಎಂದು ಎದ್ದು ಹೋದ.

ಮರುದಿನದಿಂದ ಇಮೇಲ್‌ಗಳು ಶುರುವಾದವು. ಮೊದಲನೆಯದು ಬೆಂಡೆಕಾಯಿ, ಕರಿಬೇವು ಅಲ್ಲಿ ಏನು ರೇಟು ಎಂದು. ಇದು ನಮ್ಮವರೆಲ್ಲ ಕೇಳುವ ಪ್ರಶ್ನೆಯೇ. ಅಲ್ಲಿದ್ದ ಒಬ್ಬ ತಮಿಳು ಸಹೋದ್ಯೋಗಿಯನ್ನು ಕೇಳಿ ಉತ್ತರ ಬರೆದೆ. ಆಮೇಲೆ ವಿಮೆಯ ಬಗ್ಗೆ ಕೇಳಿದ. ಹೆಚ್ಚಿನ ವಿಮೆ ತೆಗೆದುಕೊಂಡರೆ ಕಂಪನಿ ಪಾಲು ಕೊಡುತ್ತದೆಯೇ, ಮೊದಲೇ ಇರುವ ತೊಂದರೆಗಳಿಗೆ ಅನ್ವಯಿಸುತ್ತದೆಯೇ. ಅದಕ್ಕೂ ಬರೆದೆ. ನಂತರ, ಅಲ್ಲಿ ಮಕ್ಕಳು ಮಧ್ಯಾಹ್ನ ಊಟಕ್ಕೆ ಶಾಲೆಯಿಂದ ಮನೆಗೆ ಬಂದುಬಿಡುತ್ತಾರಂತೆ, ನಿಜವೇ ಎಂದು. ನಿಜ. ಸರ್ಕಾರಿ ಶಾಲೆಯಲ್ಲಿ ಪಾಠ ಜರ್ಮನ್‌ನಲ್ಲೇ ಅಂತೆ. ಅದೂ ನಿಜ, ಅದಕ್ಕೇ ಇಂಗ್ಲಿಷ್‌ನ ಇಂಟರ್‌ನ್ಯಾಷನಲ್ ಶಾಲೆಯ ಫೀಸನ್ನು ಕಂಪನಿ ಕೊಡುತ್ತದೆ ಎಂದು ವಿವರಿಸಿದೆ. ಇನ್ನೊಂದು ದಿನ, ಅಪಾರ್ಟ್‌ಮೆಂಟುಗಳಲ್ಲಿ ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದಂತೆ, ಮಾಡಿದರೆ ಪಕ್ಕದವರು ದೂರು ಕೊಡುತ್ತಾರಂತೆ ಎಂದು ಬರೆದಿದ್ದ. ನನಗೆ ನಗು ಬಂತು. "ಅಷ್ಟು ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ಗಲಾಟೆ ಮಾಡುವವರು ಯಾರು, ಮಗಳಾ?" ಎಂದು ತಮಾಷೆಗೆ ಉತ್ತರಿಸಿದೆ. ನಾಲ್ಕು ದಿನ ಅವನಿಂದ ಇಮೇಲ್ ಬರಲಿಲ್ಲ.

ನನಗೆ ತಲೆಬುಡ ಅರ್ಥವಾಗಲಿಲ್ಲ. ಹೆಚ್ಚು ದುಡ್ಡಿಗಾಗಿ ಚೌಕಾಶಿ ಮಾಡುತ್ತಿರಬಹುದು ಎಂದು ಮೇಲಿನವರ ಹತ್ತಿರ ಮಾತಾಡಿ ಭತ್ಯೆಯನ್ನು ಒಂದಿಷ್ಟು ಏರಿಸಿದೆ. ಥ್ಯಾಂಕ್ಸ್ ಹೇಳಿದ, ಸಹಿ ಹಾಕಲಿಲ್ಲ. ಬೇರೆ ಕಂಪನಿಯಿಂದ ಆಫರ್ ಇದೆಯೇನೋ ಎಂದು ಅವನ ಮ್ಯಾನೇಜರನ್ನು ಕೇಳಿದೆ. ಅಂಥದ್ದೇನೂ ಇರಲಿಲ್ಲ. ಹೆಂಡತಿಗೆ ಇಷ್ಟವಿಲ್ಲವೇ ಎಂದರೆ, ಅವಳು ಆಗಲೇ ಜರ್ಮನ್ ಕಲಿಯಲು ಪುಸ್ತಕ ತಂದಿದ್ದಾಳೆ ಎಂದು ಸಂಘದ ಗೆಳತಿ ಹೇಳಿದಳು. ಹೋಗುವ ಮನಸ್ಸಿದೆ, ಸಂಬಳ ಸಾಕಷ್ಟಿದೆ, ಹೋಗದಿದ್ದರೆ ಬೀದಿಗೆ ಬೀಳುವ ಪರಿಸ್ಥಿತಿ ಇದೆ. ಆದರೂ ಪೆನ್ನು ಮೇಲೇಳುತ್ತಿಲ್ಲ. ಮನೆಯಲ್ಲೂ ನನಗೆ ಇದೇ ಮಾತು. ನನ್ನ ಗಂಡ ಮೂರ್ತಿ ಕೊನೆಗೆ ಬೇಸತ್ತು, "ಬೆಂಡೆಕಾಯಿಗೋಸ್ಕರ ಯಾರೂ ಕೆಲಸ ಬಿಡಲ್ಲ ಕಣೇ. ಬೇರೆ ಏನೋ ಇದೆ, ನಿಂಗೆ ಹೇಳ್ತಿಲ್ಲ ಅಷ್ಟೆ" ಅಂದರು. ನನಗೆ ಹೇಳದೆ ಇನ್ನು ಯಾರಿಗೆ ಹೇಳುತ್ತಾನೆ ಎಂದು ನಾನು ಜೋರು ಮಾಡಿದೆ.

ಗಡುವಿಗೆ ಹನ್ನೆರಡು ದಿನ ಇದ್ದಾಗ ಅವನನ್ನು ಆಫೀಸಿನ ಕೆಫೆಟೇರಿಯಾಕ್ಕೆ ಊಟಕ್ಕೆ ಕರೆದೆ. ಎದುರಿಗೆ ಕೂತವನು ಅನ್ನ ಕಲಸಿಟ್ಟು, ತಿನ್ನದೆ, ಅಲ್ಲಿ ಬಸ್ಸು ಸರಿಯಾದ ಸಮಯಕ್ಕೆ ಬರುತ್ತದೆಯೇ ಎಂದು ವಿಚಾರಿಸಿದ. ನನಗೆ ತಾಳ್ಮೆ ಕೆಟ್ಟಿತು.

"ಸುಧೀಂದ್ರ, ಬಸ್ಸು ಹಾಳಾಗ್ಲಿ. ಇನ್ನೆಷ್ಟು ಬೇಕು ನಿಮಗೆ, ನೇರವಾಗಿ ಹೇಳಿ."

"ದುಡ್ಡಿನ ಪ್ರಶ್ನೆ ಅಲ್ಲ ಮೇಡಂ."

"ಮತ್ತೆ ಏನು?"

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ನಿಮ್ಮ ಟೀಮಲ್ಲಿ ಬೇರೆ ಯಾರಾದ್ರೂ ನನ್ನ ಕೇಸ್ ಹ್ಯಾಂಡಲ್ ಮಾಡಬಹುದಾ? ದಯವಿಟ್ಟು ತಪ್ಪು ತಿಳ್ಕೋಬೇಡಿ" ಅಂದ.

"ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ಅಯ್ಯೋ, ಖಂಡಿತ ಇಲ್ಲ. ನೀವು ನಮ್ಮೋರು."

ಅಷ್ಟು ಹೇಳಿ ತಟ್ಟೆ ಎತ್ತಿಕೊಂಡು ಎದ್ದ. ನನಗೆ ಬಹಳ ಬೇಜಾರಾಯಿತು, ಸಿಟ್ಟೂ ಬಂತು. ನಮ್ಮವಳು ಎನ್ನುತ್ತಾನೆ, ಬೇಡ ಎನ್ನುತ್ತಾನೆ. ಈ ಎರಡು ಮಾತನ್ನು ಒಂದಕ್ಕೊಂದು ಹೇಗೆ ಜೋಡಿಸಬೇಕು ಎಂದೇ ತಿಳಿಯಲಿಲ್ಲ.

ಫೈಲನ್ನು ಲಿಂಡಾಗೆ ಕೊಟ್ಟೆ. ಅರವತ್ತರ ಹತ್ತಿರದ ಅಮೆರಿಕನ್ ಹೆಂಗಸು, ನಮ್ಮ ವಿಭಾಗಕ್ಕೆ ಬಂದು ಎರಡೇ ವರ್ಷವಾಗಿತ್ತು. ಇಂಡಿಯಾ ಕಂಡವಳಲ್ಲ, ಸುಧೀಂದ್ರನ ಹೆಸರನ್ನು ಒಂದು ಸಲವೂ ನೆಟ್ಟಗೆ ಹೇಳಿದವಳಲ್ಲ. ಇವಳ ಹತ್ತಿರ ಅವನು ಕರಿಬೇವಿನ ವಿಚಾರ ಹೇಗೆ ಮಾತಾಡುತ್ತಾನೋ ನೋಡೋಣ ಎಂಬ ಸಣ್ಣ ಕುತೂಹಲ ನನ್ನಲ್ಲಿತ್ತು.

ಎರಡೇ ದಿನದಲ್ಲಿ ಲಿಂಡಾ ನನ್ನ ಕೋಣೆಗೆ ಬಂದಳು. ಯಾರ ಹೆಸರನ್ನೂ ಎತ್ತದೆ, ನಿಯಮದ ಬಗ್ಗೆ ಒಂದು ಪ್ರಶ್ನೆ ಇದೆ ಎಂದಳು. ಆರು ವರ್ಷದ ಒಂದು ಮಗು, ಮಾತು ಬಂದಿಲ್ಲ. ಇಲ್ಲಿಯ ಸರ್ಕಾರಿ ಶಾಲೆಯಲ್ಲಿ ವಾರಕ್ಕೆ ನಾಲ್ಕು ದಿನ ಮಾತು ಕಲಿಸುವ ಸ್ಪೀಚ್ ಥೆರಪಿ ಕೊಡುತ್ತಿದ್ದಾರೆ, ಈಗಷ್ಟೇ ನಾಲ್ಕಾರು ಇಂಗ್ಲಿಷ್ ಪದ ಬರಲು ಶುರುವಾಗಿದೆ. ಜ್ಯೂರಿಕ್‌ನ ಸರ್ಕಾರಿ ಶಾಲೆಯಲ್ಲೂ ಥೆರಪಿ ಇದೆ, ಆದರೆ ಜರ್ಮನ್‌ನಲ್ಲಿ. ಮಗು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಇಂಟರ್‌ನ್ಯಾಷನಲ್ ಶಾಲೆಯವರು ಥೆರಪಿಸ್ಟನ್ನು ಕೊಡುವುದಿಲ್ಲ. ಇಂಗ್ಲಿಷ್‌ನಲ್ಲಿ ಮಾಡುವವರನ್ನು ಖಾಸಗಿಯಾಗಿ ಗೊತ್ತುಮಾಡಿಕೊಂಡರೆ ಆ ಖರ್ಚನ್ನು ಯಾವ ಬಾಬ್ತಿನಲ್ಲಿ ಕೊಡಬಹುದು?

ಜ್ಯೂರಿಕ್‌ಗೆ ಹೊರಟವರಲ್ಲಿ ಆರು ವರ್ಷದ ಮಗು ಇದ್ದದ್ದು ಒಂದೇ ಮನೆಯಲ್ಲಿ.

ಅವನ ಇಮೇಲ್‌ಗಳು ಒಂದೊಂದಾಗಿ ಮನಸ್ಸಿಗೆ ಬಂದವು. ಮೊದಲೇ ಇರುವ ತೊಂದರೆಗೆ ವಿಮೆ, ಜರ್ಮನ್ ಪಾಠ, ಮಾತು ಬಾರದ ಮಗು ರಾತ್ರಿ ಎದ್ದು ಕಿರುಚಿದರೆ ಆಗುವ ಸದ್ದು. ಎಲ್ಲವೂ ಆ ಮಗುವಿನ ಸುತ್ತಲೇ ಸುತ್ತಿದ್ದವು. ಸಂಘದ ಯುಗಾದಿಗೆ, ದೀಪಾವಳಿಗೆ ವೀಣಾ ಒಬ್ಬಳೇ ಬಂದು ಹಾಡಿ ಹೋಗುತ್ತಿದ್ದಳು, ಮಗಳನ್ನು ನಾನು ಒಂದು ಸಲವೂ ನೋಡಿರಲಿಲ್ಲ. ನನಗೆ ಹೇಳಿದರೆ ನನ್ನ ಗೆಳತಿಗೆ ತಿಳಿಯುತ್ತದೆ, ಅಲ್ಲಿಂದ ಹಾಡುವ ಗುಂಪಿಗೆ, ಚಿಕ್ಕಪ್ಪನ ಮಗಳ ಬಾಯಿಂದ ಕುವೆಂಪುನಗರದ ಸೋದರತ್ತೆಗೆ. ನಾನು ಯಾರಿಗೂ ಹೇಳುತ್ತಿರಲಿಲ್ಲ. ಆದರೆ ಅದು ಅವನಿಗೆ ಗೊತ್ತಾಗುವುದಾದರೂ ಹೇಗೆ? ಅವನ ಊರು, ಮನೆ, ನೆಂಟರು ಎಲ್ಲವನ್ನೂ ಬಿಡಿಸಿ ಕೇಳಿ, ನಾನು ಯಾರು ಯಾರಿಗೆ ಬೇಕಾದವಳು ಎಂದು ಮೊದಲ ದಿನವೇ ಅವನಿಗೆ ತಿಳಿಸಿಕೊಟ್ಟಿದ್ದೆ.

ನಮ್ಮ ವೃತ್ತಿಯ ಮಟ್ಟಿಗೂ ಅಲ್ಲೊಂದು ವಿಷಯವಿತ್ತು. ಒಂದು ಊರಿನಲ್ಲಿ ಯಾವುದು ಬಿಟ್ಟಿಯಾಗಿ ಸಿಗುತ್ತದೋ ಅದು ಜೀವನವೆಚ್ಚದ ಕೋಷ್ಟಕದಲ್ಲಿ ಕಾಣಿಸುವುದೇ ಇಲ್ಲ. ರೆಡ್ಮಂಡಿನ ಶಾಲೆ ಆ ಮಗುವಿಗೆ ಕೊಡುತ್ತಿದ್ದದ್ದು ಯಾವ ಕಾಲಮ್ಮಿನಲ್ಲೂ ಇರಲಿಲ್ಲ, ಹಾಗಾಗಿ ಅದನ್ನು ಕಳೆದುಕೊಳ್ಳುವುದೂ ಲೆಕ್ಕಕ್ಕೆ ಬರಲಿಲ್ಲ. ತಿಂಗಳಿಗೆ ಒಂಬೈನೂರು ಡಾಲರ್ ಉಳಿಯುತ್ತದೆ ಎಂದು ನಾನು ತೋರಿಸಿದ ಮನೆಯಲ್ಲಿ, ಖಾಸಗಿ ಥೆರಪಿಯ ಖರ್ಚು ಸೇರಿದರೆ ನಿಜವಾಗಿ ತಿಂಗಳಿಗೆ ಎರಡು ಸಾವಿರ ಕೈಬಿಡುತ್ತಿತ್ತು.

ಯಾರ ಮಗು ಎಂದು ಲಿಂಡಾಳನ್ನು ನಾನು ಕೇಳಲಿಲ್ಲ. ಶಿಕ್ಷಣ ಭತ್ಯೆಯಲ್ಲಿ ಒಂದು ವಿನಾಯಿತಿಯ ನಿಯಮವಿದೆ, ಶಾಲೆಯ ಜೊತೆಗೆ ಮಗುವಿಗೆ ಅಗತ್ಯವಾದ ಪೂರಕ ಪಾಠವನ್ನೂ ಅದರಡಿ ತರಬಹುದು, ಆದರೆ ವೈಸ್ ಪ್ರೆಸಿಡೆಂಟರ ಒಪ್ಪಿಗೆ ಬೇಕು ಎಂದೆ. ಅದಕ್ಕೆ ಬೇಕಾದ ಟಿಪ್ಪಣಿಯನ್ನು ನಾನೇ ಕೂತು ಬರೆದೆ, ಲಿಂಡಾ ತನ್ನ ಹೆಸರಿನಲ್ಲಿ ಕಳಿಸಿದಳು. ಒಂದು ಸಲ ತಿರಸ್ಕೃತವಾಗಿ ಬಂತು. ಥೆರಪಿ ಎನ್ನುವುದು ವೈದ್ಯಕೀಯ ಖರ್ಚು, ಶಿಕ್ಷಣವಲ್ಲ ಎಂದರು. ಇಲ್ಲಿ ಅದನ್ನು ಕೊಡುತ್ತಿರುವುದು ಆಸ್ಪತ್ರೆಯಲ್ಲ, ಶಾಲೆ ಎಂದು ಮತ್ತೆ ಬರೆದೆ. ಗಡುವಿಗೆ ಮೂರು ದಿನ ಇದ್ದಾಗ ಒಪ್ಪಿಗೆ ಬಂತು. ಸುಧೀಂದ್ರ ಅದೇ ಮಧ್ಯಾಹ್ನ ಸಹಿ ಹಾಕಿದ.

ಹೊರಡುವ ಮೊದಲು ನನ್ನನ್ನು ನೋಡಲು ಬಂದ. "ಲಿಂಡಾ ತುಂಬಾ ಹೆಲ್ಪ್ ಮಾಡಿದ್ರು ಮೇಡಂ. ಅವರಿಲ್ದಿದ್ರೆ ಆಗ್ತಿರಲಿಲ್ಲ" ಅಂದ. ಮುಖ ಗೆಲುವಾಗಿತ್ತು. "ಹೌದು, ಒಳ್ಳೇ ಹೆಂಗಸು" ಅಂದೆ. ಹೊಟ್ಟೆಕಿಚ್ಚಾಯಿತು ಎಂದು ಹೇಳಲು ನಾಚಿಕೆಯಿಲ್ಲ. ಮಗಳ ಹೆಸರೇನು ಎಂದು ಕೇಳಬೇಕೆಂದು ನಾಲಗೆಯ ತುದಿಗೆ ಬಂದಿತ್ತು. ಕೇಳಿದರೆ ನನಗೆ ಗೊತ್ತಿದೆ ಎಂದು ಅವನಿಗೆ ತಿಳಿದುಹೋಗುತ್ತಿತ್ತು. ಅಲ್ಲಿ ಚಳಿಗೆ ಒಳ್ಳೆಯ ಕೋಟು ಕೊಂಡುಕೊಳ್ಳಿ ಎಂದಷ್ಟೇ ಹೇಳಿ ಕಳಿಸಿದೆ.

ಆಮೇಲೆ ನಿವೃತ್ತಿಯಾಗುವವರೆಗೂ ಒಂದು ಕ್ರಮ ಇಟ್ಟುಕೊಂಡೆ. ನಮ್ಮ ಕಡೆಯವರು ಯಾರೇ ಬಂದರೂ, ಊರು ಕೇರಿ ವಿಚಾರಿಸುವ ಮೊದಲು, "ನಿಮಗೆ ಬೇರೆಯವರ ಹತ್ತಿರ ಮಾತಾಡೋದು ಅನುಕೂಲ ಅನ್ನಿಸಿದ್ರೆ ಹಾಗೇ ಮಾಡಬಹುದು, ಕಾರಣ ಹೇಳಬೇಕಾಗಿಲ್ಲ" ಎನ್ನುತ್ತಿದ್ದೆ. ಕೆಲವರು ಬೆಪ್ಪಾಗಿ ನೋಡುತ್ತಿದ್ದರು. ಇನ್ನು ಕೆಲವರು ಸದ್ದಿಲ್ಲದೆ ಲಿಂಡಾಳ ಕೋಣೆಗೆ ಹೋಗುತ್ತಿದ್ದರು. ನಮ್ಮವರ ಕಷ್ಟ ಕೇಳಲು ನಮ್ಮವರೇ ಆಗಬೇಕು ಎಂದು ನಾನು ಹದಿನಾಲ್ಕು ವರ್ಷ ನಂಬಿಕೊಂಡಿದ್ದೆ. ಕೆಲವು ಕಷ್ಟಗಳನ್ನು ನಮ್ಮನ್ನು ತಿಳಿಯದವರ ಮುಂದೆ ಮಾತ್ರ ಹೇಳಿಕೊಳ್ಳಲು ಸಾಧ್ಯ ಎಂದು ಈ ಕೆಲಸವೇ ನನಗೆ ಕಲಿಸಿತು. ಹಾಗೆ ಏಕಿರಬೇಕು ಎಂದು ಇಂದಿಗೂ ನನಗೆ ಪೂರ್ತಿ ಅರ್ಥವಾಗಿಲ್ಲ.

೨೦೧೭ರಲ್ಲಿ ಮೂರ್ತಿಗೆ ನಿದ್ದೆ ಕೆಟ್ಟಿತು. ಊಟ ಸೇರದು, ಮಾತು ಬೇಡ, ಆಫೀಸಿನಿಂದ ಬಂದು ಗ್ಯಾರೇಜಿನಲ್ಲಿ ಕಾರೊಳಗೇ ಕೂತಿರುತ್ತಿದ್ದರು. ಡಾಕ್ಟರು ಡಿಪ್ರೆಶನ್ ಎಂದರು, ಕೌನ್ಸೆಲರ್ ಹತ್ತಿರ ಹೋಗಲು ಹೇಳಿದರು. ವಿಮೆಯವರ ವೆಬ್‌ಸೈಟಿನಲ್ಲಿ ಭಾಷೆಯ ಪ್ರಕಾರ ಹುಡುಕಬಹುದಿತ್ತು. ಕನ್ನಡ ಎಂದು ಒತ್ತಿದರೆ ರೆಡ್ಮಂಡಿನಲ್ಲೇ ಒಬ್ಬರ ಹೆಸರು ಬಂತು, ನಮ್ಮ ಮನೆಯಿಂದ ಹತ್ತು ನಿಮಿಷ. ಎಷ್ಟು ಅನುಕೂಲವಾಯಿತು ಎಂದುಕೊಂಡು ಮೂರ್ತಿಗೆ ತೋರಿಸಿದೆ. ಅವರು ಆ ಹೆಸರನ್ನು ಓದಿ ಲ್ಯಾಪ್‌ಟಾಪ್ ಮುಚ್ಚಿದರು.

"ಇವರು ಬೇಡ" ಅಂದರು.

ನಾನು ಯಾಕೆ ಎಂದು ಕೇಳಲಿಲ್ಲ. ದೂರದ ಕೆಂಟ್ ಊರಿನಲ್ಲಿ, ಗೋದಾಮುಗಳ ಸಾಲಿನ ಆಚೆ, ನಮ್ಮವರು ಯಾರೂ ಓಡಾಡದ ಕಡೆ ಒಬ್ಬ ಅಮೆರಿಕನ್ ಕೌನ್ಸೆಲರ್ ಸಿಕ್ಕ. ಆ ವರ್ಷವೆಲ್ಲ ಗುರುವಾರ ಸಂಜೆ ನಾನೇ ಡ್ರೈವ್ ಮಾಡಿಕೊಂಡು ಅವರನ್ನು ಅಲ್ಲಿಗೆ ಕರೆದೊಯ್ದು, ಹೊರಗೆ ಕಾರಿನಲ್ಲಿ ಕಾಯುತ್ತಿದ್ದೆ. ಮನಸ್ಸಿನೊಳಗಿನದನ್ನು ಇಂಗ್ಲಿಷ್‌ನಲ್ಲಿ ಹೇಳುವುದು ಮೂರ್ತಿಗೆ ಬಹಳ ಕಷ್ಟವಾಗುತ್ತಿತ್ತು. ಆದರೂ ಹೇಳಿಕೊಂಡರು.