ಪ್ರಾರ್ಥನೆ ಹಾಡದ ದಿನ

ಮೊನ್ನೆ ಪಾಕಕ್ಕಿಟ್ಟ ಬೆಲ್ಲ ಸೀದುಹೋಯಿತು. ಹೊಗೆ ಹೋಗಲೆಂದು ಕಿಟಕಿ ತೆರೆದು ನಿಂತವಳಿಗೆ ಭದ್ರಾವತಿ ಅಮ್ಮ ನೆನಪಾದರು. ಅವರ ಸೀರೆಗೆ ಹೆಚ್ಚುಕಡಿಮೆ ಇದೇ ವಾಸನೆ ಇರುತ್ತಿತ್ತು...

ತೊಂಬತ್ತರ ದಶಕದಲ್ಲಿ ನಾನು ಶಿವಮೊಗ್ಗದ ಒಂದು ಎರಕದ ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿದ್ದೆ. ಅಲ್ಲಿನ ಡೈರೆಕ್ಟರುಗಳೆಲ್ಲ ಒಬ್ಬರಿಗೊಬ್ಬರು ಭಾವ, ಮಾವ, ಷಡ್ಡಕ. ನಡೆಯುತ್ತಿರುವುದು ಬೋರ್ಡ್ ಮೀಟಿಂಗೋ ಮದುವೆ ಮಾತುಕತೆಯೋ ಗೊತ್ತಾಗುತ್ತಿರಲಿಲ್ಲ. ಅವರ ನಡುವೆ ಹೊರಗಿನವರು ಈ ಅಮ್ಮ ಒಬ್ಬರೇ. ಮನೆಮಾತು ತಮಿಳು. ಕಂಪನಿಗೆ ಬಂಡವಾಳ ಹಾಕಿದ್ದ ಗಂಡ ತೀರಿಕೊಂಡ ಮೇಲೆ ಆ ಕುರ್ಚಿ ಇವರಿಗೆ ಬಂದಿತ್ತು.

ಭದ್ರಾವತಿಯಿಂದ ಬಸ್ಸಿಳಿದು ಬಂದವರು ಮೊದಲು ಕೋರ್ ಶಾಪಿಗೆ ಹೋಗುತ್ತಿದ್ದರು. ಮರಳಿಗೆ ಬೆಲ್ಲದ ಪಾಕದಂಥ ಕಾಕಂಬಿ ಕಲಸಿ, ಎರಕದೊಳಗೆ ಇಡುವ ಅಚ್ಚುಗಳನ್ನು ಮಾಡಿ ಬೇಯಿಸುವ ಜಾಗ ಅದು. ಕೆಲಸದವರೆಲ್ಲ ಹೆಂಗಸರು, ಹೆಚ್ಚಿನವರು ತಮಿಳು, ತೆಲುಗಿನವರು. ಅವರ ಜೊತೆ ಹರಟಿ, ಸುಟ್ಟ ಕಾಕಂಬಿಯ ವಾಸನೆಯ ಸಮೇತ ಮೀಟಿಂಗಿಗೆ ಬರುತ್ತಿದ್ದರು. ಪಕ್ಕದಲ್ಲಿ ಕೂರುತ್ತಿದ್ದ, ಕಂಪನಿ ಯಜಮಾನರ ಷಡ್ಡಕರು ಕುರ್ಚಿಯನ್ನು ಸ್ವಲ್ಪ ಆಚೆ ಸರಿಸಿಕೊಳ್ಳುತ್ತಿದ್ದರು.

ಮೀಟಿಂಗ್ ಶುರುವಾಗುವುದು ಪ್ರಾರ್ಥನೆಯಿಂದ. ಹಾಡುವವರು ಅಮ್ಮನೇ. ಹಾಗೆಂದು ಯಾರು ಯಾವಾಗ ನಿರ್ಧರಿಸಿದರೋ... ಇದ್ದೊಬ್ಬ ಹೆಂಗಸು, ಹಾಡಬೇಕು, ಅಷ್ಟೆ. ಕನ್ನಡದ ಒಂದು ಗಣಪತಿ ಸ್ತುತಿಯನ್ನು ಬಾಯಿಪಾಠ ಮಾಡಿಕೊಂಡಿದ್ದರು. ಹಾಡಿ ಕೂತ ಮೇಲೆ ಅವರ ಕಡೆಗೆ ಬರುತ್ತಿದ್ದುದು ಕಾಫಿ ಲೋಟ ಮಾತ್ರ. ಮೂಲೆಯಲ್ಲಿ ಕೂತು ನಡಾವಳಿ ಬರೆದುಕೊಳ್ಳುತ್ತಿದ್ದ ನನಗೆ ನೋಡಿ ಮೈ ಉರಿಯುತ್ತಿತ್ತು.

ಕೋರ್ ಶಾಪಿನ ಹೆಂಗಸರನ್ನು ಬಿಡಿಸಿ ಮೆಷಿನ್ ತರುವ ವಿಷಯ ಬಂದ ದಿನ ಯಜಮಾನರು ಎಂದಿನಂತೆ, "ಅಮ್ಮ, ಪ್ರಾರ್ಥನೆ" ಎಂದರು. ಅಮ್ಮ ಏಳಲಿಲ್ಲ.

"ಇವತ್ತು ಹಾಡಲ್ಲ ಸ್ವಾಮಿ. ಮಾತಾಡ್ತೀನಿ."

"ಮಾತಾಡೋಣಂತೆ. ಪ್ರಾರ್ಥನೆ ಇಲ್ದೆ ಹೆಂಗೆ ಶುರು ಮಾಡೋದು?"

"ಹಾಡಿದ್ಮೇಲೆ ನನ್ನ ಯಾರು ಕೇಳ್ತೀರ? ಅದಕ್ಕೇ ಮೊದ್ಲೇ ಹೇಳ್ತೀನಿ. ಮೆಷಿನ್ ತನ್ನಿ, ಬೇಡ ಅನ್ನಲ್ಲ. ಅದನ್ನ ನಡ್ಸೋದು ಆ ಹೆಂಗಸ್ರಿಗೇ ಕಲ್ಸಿ. ಮನೆಗೆ ಕಳಿಸ್ಬೇಡಿ."

ಅಮ್ಮನ ಬದಲು ಷಡ್ಡಕರೇ ಗಂಟಲು ಸರಿಮಾಡಿಕೊಂಡು ಅರ್ಧ ಶ್ಲೋಕ ಹೇಳಿದರು, ಉಳಿದರ್ಧ ನೆನಪಿಗೆ ಬರಲಿಲ್ಲ. ಸಭೆ ಶುರುವಾಯಿತು. ಅಮ್ಮ ತಮ್ಮ ಮಾತಿಗೆ ಏನು ಹೇಳುತ್ತೀರಿ ಎಂದು ಕೇಳಿದರು.

"ಅದು ಪ್ರಾರ್ಥನೆಗಿಂತ ಮುಂಚೆ ಆಡಿದ್ದಲ್ವೇನಮ್ಮ? ಆಗಿನ್ನೂ ಸಭೆನೇ ಶುರುವಾಗಿರ್ಲಿಲ್ಲ" ಎಂದರು ಯಜಮಾನರು, ನಗುತ್ತಲೇ.

ಅಮ್ಮ ಮತ್ತೆ ಮೊದಲಿನಿಂದ ಹೇಳತೊಡಗಿದರು. ಅಷ್ಟರಲ್ಲಿ ಹೆಂಗಸರನ್ನು ಬಿಡಿಸುವ ಠರಾವಿಗೆ ಭಾವ, ಮಾವ, ಷಡ್ಡಕ ಎಲ್ಲರ ಕೈಯೂ ಮೇಲೆದ್ದಾಗಿತ್ತು.

ಮುಂದಿನ ವರ್ಷ ಅಮ್ಮನನ್ನು ಮತ್ತೆ ಆರಿಸಲಿಲ್ಲ, ಆ ಕುರ್ಚಿಗೆ ಯಜಮಾನರ ಸೊಸೆ ಬಂದರು. "ಹೆಣ್ಮಕ್ಳು ಅಂತ ಒಬ್ರು ಇರ್ಬೇಕಲ್ಲ" ಅಂದರಂತೆ ಯಜಮಾನರು. ಸೊಸೆ ಸಂಗೀತ ಕಲಿತವರು, ಪ್ರಾರ್ಥನೆಗೆ ಶ್ರುತಿಪೆಟ್ಟಿಗೆಯೂ ಬಂತು. ಕೋರ್ ಶಾಪಿನ ಹೆಂಗಸರು ಎಲ್ಲಿಗೆ ಹೋದರೋ... ಗೇಟಿನ ಹತ್ತಿರ ಅವರ ಹರಟೆಯ ಗಲಾಟೆ ನಿಂತುಹೋಗಿತ್ತು.

ಅಮ್ಮ ತೀರಿಕೊಂಡ ಸುದ್ದಿ ನನಗೆ ಬಹಳ ತಡವಾಗಿ ಸಿಕ್ಕಿತು. ಮೊನ್ನೆ ಸೀದ ಪಾತ್ರೆಗೆ ನೀರು ಹೊಯ್ದು, ಅವರ ಸ್ತುತಿಯನ್ನು ಗುನುಗಿ ನೋಡಿದೆ. ಒಂದು ಸಾಲೂ ಮರೆತಿಲ್ಲ. ಅವರಿಗೆ ಹಾಡುವುದು ಇಷ್ಟವಿತ್ತೋ ಇಲ್ಲವೋ, ಅದನ್ನು ಮಾತ್ರ ಯಾರೂ ಕೇಳಿರಲಿಲ್ಲ.