ಚಪ್ಪಲಿ ಬಿಡುವ ಜಾಗ

ನಮ್ಮೂರಿನ ದೇವರಕಾಡಿಗೆ ಬೇಲಿ ಇರಲಿಲ್ಲ, ಗಡಿಕಲ್ಲೂ ಇರಲಿಲ್ಲ. ಬೆಳಗೋಡಿನ ಕಡೆಯಿಂದ ಗದ್ದೆ ದಾಟಿ ಗುಡ್ಡ ಹತ್ತುವವರು ಎಲ್ಲಿ ಚಪ್ಪಲಿ ಬಿಡುತ್ತಾರೋ ಅಲ್ಲಿಂದ ಮುಂದೆ ಕಾಡು ದೇವರದು. ಅದರೊಳಗೆ ಕತ್ತಿ ಒಯ್ಯುವಂತಿಲ್ಲ, ಒಣಗಿದ ಕಡ್ಡಿಯನ್ನೂ ಮನೆಗೆ ತರುವಂತಿಲ್ಲ.

ಇಂಥ ಗಡಿಯ ತೊಂದರೆಯೆಂದರೆ, ಅದು ಜನರ ಜೊತೆಗೇ ನಡೆದುಬಿಡುತ್ತದೆ. ಗುಡ್ಡಕ್ಕೆ ಜೀಪಿನ ದಾರಿಯಾದ ಮೇಲೆ, ಜಲ್ಲಿ ಚುಚ್ಚುತ್ತದೆಂದು ಜನ ಮೇಲಿನ ತಿರುವಿನವರೆಗೂ ಚಪ್ಪಲಿ ಮೆಟ್ಟಿಯೇ ಹೋಗತೊಡಗಿದರು. ಯಾರೂ ಕೂತು ತೀರ್ಮಾನಿಸಿದ್ದಲ್ಲ.

ತೊಂಬತ್ತರ ದಶಕದ ನಡುವೆ ಕಾಫಿಗೆ ಒಳ್ಳೆಯ ಬೆಲೆ ಬಂತು. ನಾನಾಗ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ದೊಡ್ಡಪ್ಪನ ಮಗ, ನನ್ನ ಅಣ್ಣ, ಕಾಡಿಗೆ ತಾಗಿದ್ದ ತೋಟವನ್ನು ಹಿಗ್ಗಿಸಲು ಹೊರಟ. ಕಾಡು ಮೇಲಿನ ತಿರುವಿನಿಂದ ಶುರುವಾಗುವುದಾದರೆ, ಅದರ ಕೆಳಗಿನ ಇಳಿಜಾರು ತೋಟಕ್ಕೆ ಸೇರುತ್ತಿತ್ತು. ಕೆಳಗೆ ದಾರಿಬದಿಯಲ್ಲಿದ್ದ ನಂದಿ ಮರದಿಂದಲೇ ಶುರುವಾಗುವುದಾದರೆ ಇಳಿಜಾರಿನ ಮರಗಳು ಉಳಿಯುತ್ತಿದ್ದವು. ಕಡಿಯುವವರನ್ನು ಅವನು ಆಗಲೇ ಗೊತ್ತು ಮಾಡಿದ್ದ.

ಆ ವರ್ಷದ ಪೂಜೆಗೆ ಹೋದೆ. ಊರಿನವರೆಲ್ಲ ಮುಂದೆ, ಅಣ್ಣನ ತಾಯಿ ದೊಡ್ಡವ್ವ ಹಿಂದೆ, ಅವಳಿಗೆ ಆಸರೆಯಾಗಿ ನಾನು. ನಂದಿ ಮರದ ಹತ್ತಿರ ಬಂದವಳೇ ನಿಂತಳು. ಚಪ್ಪಲಿ ಕಳಚಿ ಬುಡದಲ್ಲಿಟ್ಟಳು.

“ಅವ್ವ, ಜಲ್ಲಿ ಐತೆ, ಮೆಟ್ಕೊ. ಮುಂದೆ ಬಿಡಾಣ,” ಅಣ್ಣ ಮೇಲಿನಿಂದ ಕೂಗಿದ.

“ನಾನು ಮದ್ವೆಯಾಗಿ ಬಂದಾಗ್ಲಿಂದ ಇಲ್ಲೇ ಬಿಟ್ಟಿರೋದು ಕಣೋ. ನಿನ್ ಜೀಪ್ ನೋಡಿ ದೇವ್ರು ಹಿಂದಕ್ಕೆ ಸರ್ಕೊಂಬುಟ್ನಾ?”

ಯಾರೋ ನಕ್ಕರು. ಅಣ್ಣ ನಗಲಿಲ್ಲ. “ನಿಂಗೆ ವಯಸ್ಸಾತು. ಯಾವ್ದೋ ಮರ ತೋರ್ಸಿ ಇದೇ ಅಂತೀಯ,” ಎಂದವನು ನನ್ನ ಕಡೆ ತಿರುಗಿದ. “ನೀನೇ ಹೇಳು ಮಾರಾಯ. ದೇವ್ರು ಗೀವ್ರು ನಂಬೋನಲ್ಲ ನೀನು, ಅವನ ಪರ ಸುಳ್ಳು ಹೇಳಾಕಿಲ್ಲ. ಚಿಕ್ಕೋರಿದ್ದಾಗ ಎಲ್ಲಿ ಬಿಡ್ತಿದ್ವಿ?”

ಎಲ್ಲರೂ ನಿಂತು ನನ್ನನ್ನೇ ನೋಡಿದರು. ನನಗೆ ನೆನಪಿದ್ದದ್ದು ಅಂಗಾಲಿಗೆ ತಾಗಿದ ಒದ್ದೆ ತರಗೆಲೆ, ಒಂದು ಬಿಳಿಚಿದ ಕಾಂಡ, ಅದಕ್ಕೆ ಒರಗಿಸಿದ್ದ ದೊಡ್ಡಪ್ಪನ ಕೊಡೆ. ನಂದಿ ಮರದ ಕಾಂಡ ಬಿಳಿಚಿಯೇ ಇರುತ್ತದೆ. ಆದರೆ ಆ ಗುಡ್ಡದಲ್ಲಿ ನಂದಿ ಮರಗಳು ಬೇಕಾದಷ್ಟಿವೆ. ಕೊಡೆಯ ವಿಷಯವನ್ನು ಹಿಂದೆ ಯಾವಾಗಲೋ ದೊಡ್ಡವ್ವನೇ ಹೇಳಿದ್ದಳೇ? ಕೇಳಿದ್ದನ್ನೇ ಕಂಡೆನೆಂದು ಅಂದುಕೊಂಡಿದ್ದೆನೇ? ಅವಳ ಕೈ ನನ್ನ ತೋಳಿನ ಮೇಲಿತ್ತು. ನನ್ನ ಮುಖವನ್ನು ಅವಳು ನೋಡಲಿಲ್ಲ. ಇಳಿಜಾರಿನ ಮರಗಳನ್ನು ನೋಡುತ್ತಿದ್ದಳು.

“ಇಲ್ಲೇ,” ಎಂದೆ. ಬಗ್ಗಿ ಷೂ ಬಿಚ್ಚಿದೆ.

ಮೇಲೆ ಹೋಗಿದ್ದ ಮುದುಕರೊಬ್ಬರು ಗೊಣಗುತ್ತಾ ಕೆಳಗಿಳಿದು ಬಂದು ತಮ್ಮ ಚಪ್ಪಲಿಯನ್ನೂ ನಂದಿಯ ಬುಡದಲ್ಲಿ ಬಿಟ್ಟರು. ಆಮೇಲೆ ಉಳಿದವರು. ಎಲ್ಲರಿಗಿಂತ ಕೊನೆಗೆ ಅಣ್ಣ. ಆ ಬೇಸಿಗೆಯಲ್ಲಿ ಅವನ ಬೇಲಿ ನಂದಿ ಮರದಿಂದ ಕೆಳಗೇ ಬಂದು ನಿಂತಿತು.

ದೊಡ್ಡವ್ವ ಇನ್ನೂ ಕೆಲವು ವರ್ಷ ಬದುಕಿದ್ದಳು. ನಿಜವಾಗಿ ಇಲ್ಲೇ ಬಿಡುತ್ತಿದ್ದೆವೇ ಎಂದು ಅವಳನ್ನು ಕೇಳಬಹುದಿತ್ತು. “ನೀನೇ ಹೇಳಿದ್ಯಲ್ಲೋ, ಅದ್ಕೇ ನಂಗೂ ಧೈರ್ಯ ಬಂತು” ಎಂದುಬಿಟ್ಟರೆ ಎಂಬ ಹೆದರಿಕೆಯಲ್ಲಿ ಕೇಳಲಿಲ್ಲ. ಈಗ ಕೇಳಲು ಯಾರೂ ಇಲ್ಲ. ಊರಿಗೆ ಅದು ದೇವರ ಗಡಿ. ಅದರಲ್ಲಿ ನನ್ನದೊಂದು ಮಾತೂ ಸೇರಿದೆ, ಆ ಮಾತಿನ ಬಗ್ಗೆ ನನಗೇ ಖಾತ್ರಿಯಿಲ್ಲ ಎಂಬುದನ್ನು ಯಾರ ಹತ್ತಿರ ಹೇಳಲಿ? ಹೇಳಿದರೆ ಇಳಿಜಾರು ಹೋಗುತ್ತದೆ.

ದೊಡ್ಡವ್ವ ಹೋದ ಮೇಲೆ ಒಮ್ಮೆ ಒಬ್ಬನೇ ಗುಡ್ಡ ಹತ್ತಿದೆ. ಏನೋ ಯೋಚನೆಯಲ್ಲಿ ಷೂ ಹಾಕಿಕೊಂಡೇ ನಂದಿ ಮರ ದಾಟಿದ್ದೆ. ಬೇಲಿಯಾಚೆ ಕಾಫಿ ಗಿಡಗಳ ನಡುವಿನಿಂದ ಅಣ್ಣನ ಕೂಗು ಕೇಳಿಸಿತು.

“ಏಯ್, ಷೂ ಬಿಡೋ! ಎಷ್ಟ್ ಓದಿದ್ರೂ ಅಷ್ಟೇಯ. ಹುಡುಗ್ರಾಗಿದ್ದಾಗ್ಲಿಂದ ಇಲ್ಲೇ ಅಲ್ವಾ ಬಿಡ್ತಿದ್ದುದು? ಅಪ್ಪ ಈ ಮರಕ್ಕೇ ಕೊಡೆ ಒರಗಿಸ್ತಿದ್ನಲ್ಲ, ನೆಪ್ಪಿಲ್ವಾ?”

ಅವನ ದನಿಯಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಕೊಡೆಯ ಮಾತನ್ನು ನಾನೇ ಎಂದಾದರೂ ಅವನಿಗೆ ಹೇಳಿದ್ದೆನೇ, ಅದೂ ನೆನಪಿಲ್ಲ.

ಹಿಂದಿರುಗಿ ಬಂದು ಷೂ ಬಿಚ್ಚಿಟ್ಟೆ. ತರಗೆಲೆ ಒದ್ದೆಯಾಗಿತ್ತು.